ಸಾಲು ಕಾಯುತ್ತಿದ್ದ ರೂಫಸ್

ಮಿಸಿಸಿಪ್ಪಿಯ ನಮ್ಮ ಹಾರ್ಲೋದಲ್ಲಿ ಯಾರೇ ತೀರಿಕೊಂಡರೂ ಶವದ ಗಾಡಿಯ ಮುಂದೆ ರೂಫಸ್ ಟಾಲಿವರ್ ಇರುತ್ತಿದ್ದ. ಮೂವತ್ತೆಂಟು ವರ್ಷ ಅದೇ ಕೆಲಸ. ಹಳೆಯ ಮೋಟಾರ್‌ಸೈಕಲ್ಲಿನಲ್ಲಿ ಮುಂದೆ ಹೋಗಿ, ಕೂಡುರಸ್ತೆಯ ನಟ್ಟನಡುವೆ ನಿಂತು ಬಿಳಿ ಕೈಗವಸಿನ ಕೈ ಎತ್ತಿದನೆಂದರೆ ಲಾರಿಯೂ ನಿಲ್ಲಬೇಕು. ಕಾರುಗಳ ಸಾಲು ಪೂರ್ತಿ ದಾಟಿದ ಮೇಲೆ ಪಕ್ಕದ ಬೀದಿಯಲ್ಲಿ ನುಗ್ಗಿ ಮುಂದಿನ ಕೂಡುರಸ್ತೆ ಹಿಡಿಯುತ್ತಿದ್ದ. ಸಾಲು ನಡುವೆ ತುಂಡಾದರೆ ಆ ಮನೆಯಲ್ಲಿ ವರ್ಷದೊಳಗೆ ಇನ್ನೊಂದು ಸಾವು ಎಂದು ನಂಬಿದವರು ನಾವು. ಅವನ ಕೈಯಲ್ಲಿ ಒಂದೂ ತುಂಡಾಗಿರಲಿಲ್ಲ.

ಮೊದಲೆಲ್ಲ ಎದುರು ಬರುವವರು ತಾವಾಗಿಯೇ ಕಾರು ಪಕ್ಕಕ್ಕೆ ನಿಲ್ಲಿಸಿ ಟೋಪಿ ತೆಗೆಯುತ್ತಿದ್ದರು. ಆಮೇಲೆ ಕಾಲೇಜು ಬೆಳೆಯಿತು. ಹತ್ತಿಗಿರಣಿ ಕೆಡವಿ ಕಾರು ನಿಲ್ಲಿಸಲು ಜಾಗ ಮಾಡಿದರು. ನಾವು ಇಂದಿಗೂ ‘ಗಿರಣಿ ಹತ್ರ ಎಡಕ್ಕೆ ತಿರುಗಿ’ ಎಂದೇ ದಾರಿ ಹೇಳುತ್ತೇವೆ, ಹೊರಗಿನವರು ಇಲ್ಲದ ಗಿರಣಿ ಹುಡುಕುತ್ತಾ ಅಲೆಯುತ್ತಾರೆ. ಅಲೆಯಲಿ, ನನಗೇನು. ಊರಾಚೆ ಇದ್ದ ನಮ್ಮ ಸ್ಮಶಾನ ಈಗ ಫುಟ್‌ಬಾಲ್ ಮೈದಾನದ ಬೆನ್ನಿಗೆ ಬಂದಿದೆ. ಚರ್ಚಿನಿಂದ ಅಲ್ಲಿಗೆ ಹೋಗಬೇಕಾದರೆ ಇಡೀ ಕಾಲೇಜನ್ನು ಹಾಯಬೇಕು.

ರೂಫಸನ ಹೆಂಡತಿ ಐಡೆಲ್ಲಾ ಕಾಲೇಜಿನ ಊಟದ ಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಬಡಿಸಿದವಳು, ಚರ್ಚಿನ ಹಾಡುವ ಮೇಳದಲ್ಲಿ ನನ್ನ ಜೊತೆಗಾತಿ. ವಾರವಿಡೀ ಅವಳಿಗೆ ದುಡಿಮೆ, ಶನಿವಾರ ಬಂದರೆ ಅವನಿಗೆ ಯಾರದೋ ಸಾವು. ಕಾಯಿಲೆ ಬಿದ್ದು ಮಲಗಿದ್ದಾಗ ಒಂದು ದಿನ ನನ್ನೆದುರಿಗೇ ಅವನನ್ನು ಹಿಡಿದು ಕೂರಿಸಿದಳು.

“ಊರವರ ಹೆಣಕ್ಕೆಲ್ಲಾ ಜೊತೆ ಹೋದೆ. ನಂಗೊಂದು ಶನಿವಾರ ಕೊಡ್ಲಿಲ್ಲ. ನನ್ ದಿನ ನೀನು ರೋಡಲ್ಲಿ ನಿಂತ್ಕೋಬೇಡ. ಹಿಂದಿನ ಕಾರಲ್ಲಿ ಕೂತ್ಕೊಂಡು ಕೊನೇವರೆಗೂ ನನ್ ಜೊತೆ ಬಾ.”

“ಬರ್ತೀನಿ ಕಣೆ.”

“ನಿನ್ ಮಾತು ನಂಗೊತ್ತು. ಇವಳ ಮುಂದೆ ಆಣೆ ಮಾಡು.”

“ಸಾಯೋ ಮಾತಾಡೋವಾಗ್ಲೂ ಜಗಳಾನೇ ನಿಂದು,” ಎನ್ನುತ್ತಲೇ ಆಣೆ ಮಾಡಿದ.

ಸೆಪ್ಟೆಂಬರಿನಲ್ಲಿ ಅವಳು ತೀರಿಕೊಂಡಳು. ಡೆಟ್ರಾಯಿಟ್‌ನ ನೆಂಟರು ಬರಬೇಕೆಂದು ಅವಳ ತಂಗಿ ವರ್ನೀಸ್ ಮಣ್ಣು ಮಾಡುವುದನ್ನು ಶನಿವಾರ ಹನ್ನೊಂದಕ್ಕೆ ಗೊತ್ತು ಮಾಡಿದಳು. ಕಾಲೇಜಿನ ಫುಟ್‌ಬಾಲ್ ಪಂದ್ಯದ ಪಟ್ಟಿ ನೋಡದೆ ನಮ್ಮೂರಲ್ಲಿ ಮದುವೆಯನ್ನೂ ಇಡುವುದಿಲ್ಲ, ಮಣ್ಣನ್ನೂ ಮಾಡುವುದಿಲ್ಲ. ಅವಳೂ ನೋಡಿದ್ದಳು, ಪಂದ್ಯ ಸಂಜೆಗಿತ್ತು. ಆದರೆ ಅವಳು ನೋಡಿದ್ದು ಅಡುಗೆಮನೆ ಗೋಡೆಯ ಹಳೆಯ ಪಟ್ಟಿ. ಟಿವಿಯವರು ಪಂದ್ಯವನ್ನು ಮಧ್ಯಾಹ್ನಕ್ಕೆ ಎಳೆದದ್ದು ಆ ಪಟ್ಟಿಗೆ ಹೇಗೆ ಗೊತ್ತಾಗಬೇಕು?

ಪ್ರಾರ್ಥನೆ ಮುಗಿಸಿ ಇಪ್ಪತ್ತಾರು ಕಾರು ಹೊರಟೆವು. ಬಿಸಿಲು ಸುಡುತ್ತಿತ್ತು. ಗಾಡಿಯ ಹಿಂದಿನ ಕಾರಿನಲ್ಲಿ ರೂಫಸ್, ವರ್ನೀಸ್, ನಾನು. ಅವನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಹೊಸದಾಗಿ ಗೊತ್ತುಮಾಡಿದ ಬೆಂಗಾವಲಿನವನು ಮುಂದಿನ ಕೂಡುರಸ್ತೆಗೆ ಹೋಗಿಬಿಟ್ಟಿದ್ದ. ಗಿರಣಿಯ ತಿರುವಿನಲ್ಲಿ ನಿಂತಿದ್ದ ಎಳೆಯ ಪೊಲೀಸನು, ನಾವು ದಾಟುತ್ತಲೇ, ಪಂದ್ಯಕ್ಕೆ ಹೊರಟ ಕೆಂಪಂಗಿಯವರ ಕಾರುಗಳಿಗೆ ಕೈ ಬೀಸತೊಡಗಿದ.

“ಸಾಲು ತುಂಡಾಗತ್ತೆ,” ಎಂದ ರೂಫಸ್.

“ಕೂತ್ಕೋ ಭಾವ. ಆಗ್ಲಿ ಬಿಡು,” ಎಂದಳು ವರ್ನೀಸ್.

“ಇನ್ನೊಂದು ಸಾವು ನಿಮ್ಮನೇಗೇ ಬಂದ್ರೆ?”

“ಆಣೆ ಮಾಡಿದ್ದೆ ನೀನು,” ಎಂದೆ ನಾನು.

“ಒಂದೇ ನಿಮಿಷ. ಕೊನೇ ಕಾರು ಹತ್ಕೋತೀನಿ.”

ಇಳಿದೇಬಿಟ್ಟ. ಕೋಟಿನ ಜೇಬಿನಿಂದ ಕೈಗವಸು ತೆಗೆದು ಹಾಕಿಕೊಳ್ಳುತ್ತಾ ರಸ್ತೆಯ ನಡುವೆ ನಿಂತ. ಯಾರೋ ಕಿಟಕಿಯಿಂದ ಬೈದರು, ಅವನು ತಿರುಗಲಿಲ್ಲ. ನಮ್ಮ ಕಾರುಗಳನ್ನು ಒಂದೊಂದಾಗಿ ದಾಟಿಸಿದ. ನಮ್ಮವರೆಲ್ಲ, ಅವನು ಇಳಿದ ಕಾರು ಮುಂದೆಲ್ಲೋ ಅವನಿಗಾಗಿ ಕಾಯುತ್ತಿದೆ ಎಂದುಕೊಂಡರು. ಕೊನೆಯದು ಡೆಟ್ರಾಯಿಟ್‌ನವರ ಕಾರು. ಪ್ರಾರ್ಥನೆ ಮುಗಿದ ಮೇಲೆ ಬಂದು ಸಾಲಿಗೆ ಸೇರಿದ ಅವರು ಅವನ ಮುಖ ಕಂಡವರಲ್ಲ, ಬಿಳಿ ಕೈಗವಸು ನೋಡಿ ಪೊಲೀಸಿನವನೆಂದು ತಿಳಿದು, ಕೈ ಮೇಲೆತ್ತಿ ವಂದಿಸಿ ಹೊರಟುಹೋದರು.

ಗುಂಡಿಯ ಬಳಿ ಅವನ ಕುರ್ಚಿ ಖಾಲಿ. ಪಾಸ್ಟರ್ ಪೆಟ್ಟಿಗೆ ಇಳಿಸದೆ ಕಾದರು. ಮುಕ್ಕಾಲು ಗಂಟೆಯ ಮೇಲೆ, ಆ ಜನಜಂಗುಳಿಯಲ್ಲಿ ಒಂದೂವರೆ ಮೈಲಿ ನಡೆದು, ಕಾಲೆಳೆಯುತ್ತಾ, ಅಂಗಿಯೆಲ್ಲ ಒದ್ದೆಯಾಗಿ ಬಂದ.

“ಎಲ್ರೂ ಬಂದ್ರಾ?” ಎಂದು ಕೇಳಿದ.

“ಬಂದ್ರು. ಅವಳ ಜೊತೆ ಬರ್ಬೇಕಾದವನು ಬರ್ಲಿಲ್ಲ ಅಷ್ಟೆ,” ಎಂದೆ. ಆ ಮಾತು ಬೇಡವಾಗಿತ್ತು ಎಂದು ಇಂದಿಗೂ ಅನ್ನಿಸುತ್ತದೆ. ಆದರೆ ನನಗೆ ಕೋಪ ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಅಳು ಬಂದಿತ್ತು.

ಅವನು ಪೆಟ್ಟಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತ. “ಸ್ವಲ್ಪ ಹೊತ್ತು ಇಳಿಸ್ಬೇಡಿ ಪಾಸ್ಟರ್,” ಎಂದ.

ಜನ ಒಬ್ಬೊಬ್ಬರಾಗಿ ಚರ್ಚಿನ ಊಟಕ್ಕೆ ಹೊರಟರು. ವರ್ನೀಸ್, ನಾನು, ಪಾಸ್ಟರ್, ಗುಂಡಿ ತೋಡಿದ ಇಬ್ಬರು ಮಾತ್ರ ಉಳಿದೆವು. ಮೂರೂವರೆಗೆ ಪಂದ್ಯ ಮುಗಿದು ಜನ ಹೊರಬಿದ್ದರು. ಬೇಲಿಯಾಚೆ ದಾರಿ ಕಟ್ಟಿ ಕಾರುಗಳು ಹಾರನ್ ಹೊಡೆದುಕೊಳ್ಳತೊಡಗಿದವು, ಯಾರೂ ಯಾರಿಗೂ ದಾರಿ ಬಿಡುತ್ತಿರಲಿಲ್ಲ. ರೂಫಸ್ ಅತ್ತ ತಲೆ ಕೂಡ ತಿರುಗಿಸಲಿಲ್ಲ.