ಮುಖವೇ ಬಾಗಿಲಾಗಿದ್ದ ಗಾಡಿ

1990ರಲ್ಲಿ ನಾನು ಗುಲಬರ್ಗಾದಲ್ಲಿ ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ಊರಿನ ಹೆಸರು ಕಾಗದದ ಮೇಲೆ ಕಲಬುರಗಿ ಆಗುವುದಕ್ಕೆ ಇನ್ನೂ ಬಹಳ ವರ್ಷ ಇತ್ತು. ಹಳೆಯ ಗಾಡಿಗಳ ನೋಂದಣಿ ನವೀಕರಿಸುವ ಮೊದಲು ಅವುಗಳನ್ನು ಓಡಿಸಿ ನೋಡಿ, ಅರ್ಹ ಅಥವಾ ಅನರ್ಹ ಎಂದು ಬರೆಯುವುದು ನನ್ನ ಕೆಲಸ. ನಾನು ನಿಯಮದ ಮನುಷ್ಯ. ಮೂಗಿನ ತುದಿಯಲ್ಲೇ ಸಿಟ್ಟು ಎಂದು ನನ್ನ ಹೆಂಡತಿಯೂ ಹೇಳುತ್ತಿದ್ದಳು.

ಒಂದು ಸೋಮವಾರ ಕಮಲಾಪುರದಿಂದ ಮೂರು ಚಕ್ರದ ಒಂದು ಕಾರು ಬಂತು. ಮೊಟ್ಟೆಯಂತೆ ಗುಂಡಗೆ, ಉದ್ದ ಏಳೂವರೆ ಅಡಿ. ಮುಂದೆ ಎರಡು ಚಕ್ರ, ಹಿಂದೆ ಒಂದು. ಪಕ್ಕದಲ್ಲಿ ಬಾಗಿಲೇ ಇಲ್ಲ. ಓಡಿಸುತ್ತಿದ್ದ ಗುರುನಾಥರಾಯರು ಒಳಗಿನಿಂದ ತಳ್ಳಿದಾಗ ಗಾಡಿಯ ಇಡೀ ಮುಖವೇ ಬಾಗಿಲಾಗಿ ತೆರೆದುಕೊಂಡಿತು. ಸ್ಟೇರಿಂಗ್ ಕೂಡ ಅದರ ಜೊತೆಗೇ ಹೊರಗೆ ಬಂತು. ನಮ್ಮ ಗುಮಾಸ್ತರು ಕಡತ ಬಿಟ್ಟು ಓಡಿ ಬಂದರು.

"ತತ್ತಿ ಮೋಟಾರ್ ಅಂದ್ರ ಇದೇ ಏನ್ರೀ?" ಎಂದ ಒಬ್ಬ.

"ನಮ್ಮದು ತತ್ತಿ ಮುಟ್ಟದ ಮನಿರೀ, ಹಂಗ ಅನಬ್ಯಾಡ್ರಿ," ಎಂದರು ರಾಯರು. ಕಮಲಾಪುರದ ಜನ ಹತ್ತು ವರ್ಷದಿಂದ ಹಾಗೆಯೇ ಅನ್ನುತ್ತಿದ್ದರಂತೆ.

ಈ ಗಾಡಿಯ ಹಿಂದೆ ಒಂದು ಕಥೆಯಿದೆ. ಎರಡನೆಯ ಮಹಾಯುದ್ಧ ಮುಗಿದಾಗ ಯುರೋಪಿನಲ್ಲಿ ಪೆಟ್ರೋಲೂ ತುಟ್ಟಿ, ಉಕ್ಕೂ ತುಟ್ಟಿ. ದೊಡ್ಡ ಕಾರು ಕೊಳ್ಳಲಾಗದವರಿಗಾಗಿ ಮೋಟಾರ್ ಸೈಕಲ್ಲಿನ ಎಂಜಿನ್ನಿಗೆ ಗುಂಡನೆಯ ಮೈ ಹೊದಿಸಿದ ಪುಟ್ಟ ಕಾರುಗಳು ಬಂದವು. ಇದರ ಮೂಲ ನಕ್ಷೆ ಮಾಡಿದ್ದು ಇಟಲಿಯಲ್ಲಿ ಫ್ರಿಜ್ ತಯಾರಿಸುತ್ತಿದ್ದ ಕಾರ್ಖಾನೆ. ಬಾಗಿಲು ನೋಡಿದರೆ ಯಾರಾದರೂ ನಂಬುವ ಮಾತು. ಹೈದರಾಬಾದಿನ ಡಾಕ್ಟರೊಬ್ಬರು ಇದನ್ನು ಇಂಗ್ಲೆಂಡಿನಿಂದ ತಂದಿದ್ದರು, ಅವರಿಂದ ರಾಯರು ಕೊಂಡಿದ್ದರು.

ನಾನೇ ಓಡಿಸಿ ನೋಡಿದೆ. ಬ್ರೇಕು, ದೀಪ, ಸ್ಟೇರಿಂಗು ಎಲ್ಲ ಬರೋಬ್ಬರಿ. ಮರಳಿ ಬಂದವನು, ಜೀಪು ನಿಲ್ಲಿಸುವ ರೂಢಿಯಂತೆ, ಕಾಂಪೌಂಡ್ ಗೋಡೆಗೆ ಮೂಗು ತಾಗುವ ಹಾಗೆ ನಿಲ್ಲಿಸಿದೆ. ಇಳಿಯಲು ಬಾಗಿಲು ತಳ್ಳಿದರೆ ಒಂದು ಗೇಣೂ ತೆರೆಯಲಿಲ್ಲ. ಹಿಂದಕ್ಕೆ ತೆಗೆಯೋಣವೆಂದು ರಿವರ್ಸ್ ಗೇರ್ ಹುಡುಕಿದೆ. ಅದು ಇರಲೇ ಇಲ್ಲ.

"ಸಾಹೇಬ್ರ, ಗ್ವಾಡಿಗೆ ಮಾರಿ ಮಾಡಿ ನಿಲ್ಲಿಸಬಾರದ್ರೀ!" ಎನ್ನುತ್ತ ರಾಯರು ಓಡಿ ಬಂದರು. ಅಷ್ಟರಲ್ಲಿ ನಾನು ಮೇಲಿನ ಬಟ್ಟೆಯ ಛಾವಣಿ ಸರಿಸಿ ತಲೆ ಹೊರಗೆ ಹಾಕಿದ್ದೆ. ಗುಮಾಸ್ತರು ಬಿದ್ದು ಬಿದ್ದು ನಗುತ್ತಿದ್ದರು. ಕೊನೆಗೆ ನಾಲ್ಕು ಜನ ಗಾಡಿಯನ್ನು ಹಿಂದಕ್ಕೆ ನೂಕಿದ ಮೇಲೆ ಇಳಿದೆ.

ಸ್ವಂತ ಬಲದಿಂದ ಹಿಂದಕ್ಕೆ ಹೋಗದ ಕಾರನ್ನು ಪಾಸು ಮಾಡುವಂತಿರಲಿಲ್ಲ. ಅದು ನಿಯಮ. ಆದರೆ ಆ ದಿನ "ಅನರ್ಹ" ಎಂದು ಬರೆದ ಕೈಯಲ್ಲಿ ನಿಯಮಕ್ಕಿಂತ ಸಿಟ್ಟೇ ಹೆಚ್ಚಿತ್ತು. ಇವತ್ತು ಒಪ್ಪಿಕೊಳ್ಳುತ್ತೇನೆ.

ಅಷ್ಟು ಹೊತ್ತೂ ಬೇವಿನ ಮರದ ನೆರಳಲ್ಲಿ ಕೋಲು ಹಿಡಿದು ನಿಂತಿದ್ದ ರಾಯರ ಪತ್ನಿ ರಾಧಾಬಾಯಿ ಆಗ ನಿಧಾನವಾಗಿ ನನ್ನ ಬಳಿ ಬಂದರು. ಅವರು ಗುಲಬರ್ಗಾದ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತದ ಟೀಚರು. ನಿವೃತ್ತಿಗೆ ಎರಡು ವರ್ಷ ಇತ್ತು. ಸೊಂಟದ ಕೀಲು ಹೋಗಿತ್ತು. ಬಸ್ಸಿನ ಮೆಟ್ಟಿಲು ಹತ್ತುವಂತಿಲ್ಲ, ಕಾರಿನ ಪಕ್ಕದ ಬಾಗಿಲಿನಲ್ಲಿ ಬಗ್ಗಿ, ತಿರುಗಿ, ಜಾರುವಂತಿಲ್ಲ. ಈ ಗಾಡಿಯೊಳಗೆ ಮಾತ್ರ ಅವರು ಮನೆಯ ಹೊಸ್ತಿಲು ದಾಟಿದಂತೆ ನೆಟ್ಟಗೆ ನಡೆದು ಹೋಗಿ, ನಿಂತಲ್ಲೇ ತಿರುಗಿ ಕೂರಬಲ್ಲವರಾಗಿದ್ದರು. ಗಾಡಿ ನಿಂತರೆ ಅವರ ಶಾಲೆಯೂ ನಿಂತಂತೆ.

"ಸಾಹೇಬ್ರ," ಎಂದರು, "ನೀವು ಐದು ನಿಮಿಷ ಇದರ ಒಳಗ ಸಿಕ್ಕೊಂಡಿದ್ರಿ. ನಾ ಹತ್ತು ವರ್ಷ ಆತು, ಉಳದ ಎಲ್ಲಾ ಗಾಡಿಗೋಳ ಹೊರಗ ನಿಂತೀನಿ."

ಬರೆದದ್ದನ್ನು ಅಳಿಸುವಂತಿರಲಿಲ್ಲ. ದೋಷ ಸರಿಪಡಿಸಿ ತರಲು ಹದಿನೈದು ದಿನ ಕೊಟ್ಟೆ, ಅಷ್ಟೇ. ಆದರೆ ಆ ಮಾತು ಮನೆಯವರೆಗೂ ನನ್ನ ಬೆನ್ನು ಬಿಡಲಿಲ್ಲ.

ಭಾನುವಾರ ಸುಮ್ಮನಿರಲಾಗದೆ ಕಮಲಾಪುರದ ಬಸ್ಸು ಹತ್ತಿದೆ. ರಾಧಾಬಾಯಿ ತಟ್ಟೆಯಲ್ಲಿ ಕೆಂಪು ಬಾಳೆಹಣ್ಣು ತಂದಿಟ್ಟರು. ರೇಷ್ಮೆ ಬಟ್ಟೆಯಲ್ಲಿ ಪುರಾಣದ ಪೋಥಿಯ ಹಾಗೆ ಸುತ್ತಿಟ್ಟಿದ್ದ ಗಾಡಿಯ ಇಂಗ್ಲಿಷ್ ಕೈಪಿಡಿಯನ್ನೂ ಕೊಟ್ಟರು. ರಾಯರು ಅದಕ್ಕೆ ದಸರಾದಲ್ಲಿ ಪೂಜೆ ಮಾಡುತ್ತಿದ್ದರು, ಬಿಚ್ಚಿ ಓದಿರಲಿಲ್ಲ! ನಾನು ಓದಿದೆ. ಇಂಗ್ಲೆಂಡಿನಲ್ಲಿ ಮೂರು ಚಕ್ರದ ಗಾಡಿಗೆ ರಿವರ್ಸ್ ಇಲ್ಲದಿದ್ದರೆ ಮೋಟಾರ್ ಸೈಕಲ್ ಲೈಸೆನ್ಸಿನಲ್ಲೇ ಓಡಿಸಬಹುದಿತ್ತು. ಅದಕ್ಕೆಂದೇ ತಯಾರಕರು, ಇದ್ದ ರಿವರ್ಸ್ ಗೇರನ್ನು ಬಳಸಲಾಗದಂತೆ ಮುಚ್ಚಿದ್ದರು.

ಊರಿನ ಮೆಕ್ಯಾನಿಕ್ ಖಾಜಾಸಾಬ್ ಗೇರ್ ಕಡ್ಡಿಯ ಬುಡ ಬಿಚ್ಚಿದರು. ಅಡ್ಡ ಕೂತಿದ್ದ ಹೆಬ್ಬೆರಳಿನಷ್ಟು ಕಬ್ಬಿಣದ ತುಂಡನ್ನು ತೆಗೆದು ನನ್ನ ಅಂಗೈಗೆ ಹಾಕಿದರು. "ಒಂದು ಸರ್ಕಾರ ಬ್ಯಾಡಂತು, ಇನ್ನೊಂದು ಸರ್ಕಾರ ಬೇಕಂತು. ನಡುವ ರಾಧಾಬಾಯಿ ಅವ್ರ ಸೊಂಟ ಸಿಕ್ಕೊಂಡದ ನೋಡ್ರಿ ಸಾಬ್," ಎಂದರು.

ರಾಯರು ಎಂಜಿನ್ ಚಾಲೂ ಮಾಡಿದರು. ರಾಧಾಬಾಯಿ ಒಳಗೆ ನಡೆದು ಹೋಗಿ ಕೂತರು. ಗಾಡಿ ತಾನಾಗಿ ಅಂಗಳದಿಂದ ಹಿಂದಕ್ಕೆ ಹೊರಟಿತು. "ತತ್ತಿ ಹಿಂದಕ್ಕ ಹೊಂಟದ!" ಎಂದು ಓಣಿಯವರು ಕೂಗಿದರು. ಈ ಸಲ ರಾಯರು ಬೇಸರಪಡಲಿಲ್ಲ. ಗಣಿತದ ಟೀಚರು ಬಾಯಿಗೆ ಸೆರಗು ಹಿಡಿದು ಹುಡುಗಿಯ ಹಾಗೆ ನಗುತ್ತಿದ್ದರು. ನನಗೂ ಕಣ್ಣು ಮಂಜಾಯಿತು.

ಮರುದಿನ "ಅರ್ಹ" ಎಂದು ಬರೆದೆ. ರಾಧಾಬಾಯಿ ಎರಡು ವರ್ಷವನ್ನೂ ಪೂರೈಸಿ, ಅದೇ ಗಾಡಿಯಲ್ಲಿ ಹಾರ ಹಾಕಿಕೊಂಡು ಮನೆಗೆ ಹೋದರು.

ನಿಯಮವನ್ನು ನಾನು ಆಮೇಲೂ ಸಡಿಲಿಸಲಿಲ್ಲ. ಆದರೆ "ಅನರ್ಹ" ಎಂದು ಬರೆಯುವ ಮೊದಲು ಅರ್ಜಿಯಲ್ಲಿಲ್ಲದ ಒಂದು ಪ್ರಶ್ನೆ ಕೇಳುವುದು ರೂಢಿಯಾಯಿತು: "ಇದರಾಗ ಯಾರು ಕೂಡ್ತಾರ್ರೀ?" ನನ್ನ ವೃತ್ತಿ ಕಲಿಸಿದ ಪಾಠ ಇಷ್ಟೇ.

ಈಗ ನನ್ನ ಮೊಣಕಾಲುಗಳೂ ಮಾತು ಕೇಳುವುದಿಲ್ಲ. ಮಗಳು ತನ್ನ ದೊಡ್ಡ ಕಾರಿನ ಪಕ್ಕದ ಬಾಗಿಲು ತೆರೆದು, "ಹತ್ರಿ ಅಪ್ಪಾ," ಎಂದಾಗಲೆಲ್ಲ ನಾನು ಸ್ವಲ್ಪ ಹೊತ್ತು ಹೊರಗೇ ನಿಂತಿರುತ್ತೇನೆ.