ಕನ್ನಡಕದವನ ಟೇಕ್ ಯುವರ್ ಟೈಮ್

ಮೂವತ್ತು ವರ್ಷದಿಂದ ಒಂದೇ ಅಂಗಡಿಯಲ್ಲಿ ಕೂತು ಕಣ್ಣು ನೋಡಿ ಕನ್ನಡಕ ಮಾಡಿಕೊಡುವ ಕನ್ನಡಕದವನಿಗೆ ಬರುವ ಇಂಗ್ಲಿಷು ಮೂರೇ ಶಬ್ದ: ಟೇಕ್ ಯುವರ್ ಟೈಮ್. ಅಷ್ಟರಲ್ಲೇ ಅವನು ಊರಿನ ಅರ್ಧ ಜನಕ್ಕೆ ಕನ್ನಡಕ ಏರಿಸಿದ್ದಾನೆ. ಉಳಿದರ್ಧ ಜನ ಅಂಗಡಿ ಎಲ್ಲಿದೆಯೆಂದು ಕಾಣದೆ ಇನ್ನೂ ಹುಡುಕುತ್ತಿದ್ದಾರೆ.

ಅಕ್ಷರಪಟದ ಎದುರು ಕೂತ ಅಜ್ಜಿ ತಡವರಿಸಿದರೆ ಅದನ್ನು ಮೆಲ್ಲಗೆ ಹೇಳುತ್ತಾನೆ. ಕಾಣದಿದ್ದರೆ ನಾಚಿಕೆಯೇನಿಲ್ಲ ತಾಯಿ, ಎಂದರ್ಥ. ಫ್ರೇಮು ಆರಿಸಲು ಬಂದು ಕನ್ನಡಿ ಸವೆಯುವಷ್ಟು ಹೊತ್ತು ನಿಂತವರಿಗೆ ಅದನ್ನೇ ಹಲ್ಲು ಕಚ್ಚಿ ಹೇಳುತ್ತಾನೆ. ಜಾಗ ಖಾಲಿ ಮಾಡು ಪುಣ್ಯಾತ್ಮ, ಎಂದು. ಪಟವನ್ನು ಬಾಯಿಪಾಠ ಮಾಡಿಕೊಂಡು ಬಂದ ಚತುರರಿಗೆ ಅದನ್ನೇ ಎಳೆದೆಳೆದು ಹೇಳುತ್ತಾನೆ. ಸಿಕ್ಕಿಬಿದ್ದೆ, ಎಂದು.

ಇವೆಲ್ಲವನ್ನೂ ಅವನಷ್ಟೇ ಚೆನ್ನಾಗಿ ಬಲ್ಲವನು ಅವನ ಅಣ್ಣ, ಸಿಟಿ ಬಸ್ಸಿನ ಡ್ರೈವರ್. ಟ್ರಿಪ್ಪುಗಳ ನಡುವೆ ಅಂಗಡಿಯ ಬೆಂಚಿನ ಮೇಲೆ ಕೂತು ಹರಟುವುದು ಅವನ ರೂಢಿ. ಇವತ್ತು ಮಾತ್ರ ನೇರವಾಗಿ ಬಂದು ಪಟದ ಎದುರಿನ ಕುರ್ಚಿಯಲ್ಲೇ ಕೂತ. ನಾಳೆ ಡಿಪೋದಲ್ಲಿ ಕಣ್ಣಿನ ಪರೀಕ್ಷೆಯಂತೆ. ಫೇಲಾದರೆ ಸ್ಟೀರಿಂಗ್ ಬಿಟ್ಟು ಗ್ಯಾರೇಜಿನಲ್ಲಿ ಟಯರು ಉರುಳಿಸಬೇಕು. ಕನ್ನಡಕವೋ, ಅದನ್ನು ಹಾಕಿದ ಡ್ರೈವರನ್ನು ಕಂಡರೆ ಪ್ಯಾಸೆಂಜರುಗಳು ಕಿಟಕಿಯಿಂದ ಹಾರಿಕೊಳ್ಳುತ್ತಾರೆ ಎಂಬುದು ಅವನ ಗಟ್ಟಿ ನಂಬಿಕೆ. ಎಲ್ಲ ಸರಿ ಇದೆ ಅಂತ ನೀನೊಂದು ಮಾತು ಹೇಳಿಬಿಡು ಸಾಕು, ಎಂದ.

ಎಂದವನೇ ಮೇಲಿನ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೂ ಸ್ಟಾಪು ಕೊಡದೆ ಓದಿದ. ಮೂಲೆಯಲ್ಲಿ ಇರುವೆಯ ಕಾಲಿನಷ್ಟು ಸಣ್ಣಗೆ ಅಚ್ಚಾಗಿದ್ದ ಪ್ರೆಸ್ಸಿನ ವಿಳಾಸವನ್ನೂ ಬಿಡಲಿಲ್ಲ. ಧೂಳು ಕೂರದಿರಲೆಂದು ಪಟಕ್ಕೆ ಹೊದಿಸಿದ್ದ ಬಿಳಿ ಬಟ್ಟೆಯನ್ನು ತಮ್ಮ ಇನ್ನೂ ತೆಗೆದಿರಲೇ ಇಲ್ಲ.

ತಮ್ಮ ಬಟ್ಟೆ ತೆಗೆಯಲು ಎತ್ತಿದ ಕೈಯನ್ನು ಕೆಳಗಿಳಿಸಿದ. ಸೈಕಲ್ಲಿನ ಸೀಟು ಹಿಡಿದು ಹಿಂದೆ ಹಿಂದೆ ಓಡಿ ತನಗೆ ತುಳಿಯಲು ಕಲಿಸಿದ ಅಣ್ಣ. ನಿನಗೆ ಕಾಣೋದಿಲ್ಲ ಎಂದು ಅವನ ಮುಖಕ್ಕೆ ಹೇಳುವುದು ಹೇಗೆ? ಹೇಳದಿದ್ದರೆ ಬಸ್ಸಿನಲ್ಲಿರುವ ಅರವತ್ತು ಜನರ ಗತಿ?

"ಅಣ್ಣಾ, ಟೇಕ್ ಯುವರ್ ಟೈಮ್," ಎಂದ.

ಅಣ್ಣ ಕತ್ತು ತಿರುಗಿಸಿದ. "ಯಾವುದೋ ಇದು? ಅಜ್ಜಿಯರಿಗೆ ಹೇಳೋದಾ, ಕಳ್ಳರಿಗೆ ಹೇಳೋದಾ?"

"ಎರಡೂ ಅಲ್ಲ. ಪಟದ ಮೇಲೆ ಇನ್ನೂ ಬಟ್ಟೆ ಇದೆ. ನಿಧಾನಕ್ಕೆ ನೋಡೋಣ, ನಾನೆಲ್ಲೂ ಹೋಗಲ್ಲ."

ಅಣ್ಣ ಕೆಂಪು ಸಿಗ್ನಲ್ಲು ಕಂಡವನ ಹಾಗೆ ಗಕ್ಕನೆ ಹಿಂದಕ್ಕೆ ಒರಗಿದ. ಆಮೇಲೆ ಮುಖವನ್ನು ಮುಂದಕ್ಕೆ ಚಾಚಿದ. ತಮ್ಮ ಪರೀಕ್ಷೆಯ ಕಬ್ಬಿಣದ ಫ್ರೇಮನ್ನು ಅವನ ಮೂಗಿಗೆ ಏರಿಸಿ, ಗಾಜುಗಳನ್ನು ಒಂದೊಂದಾಗಿ ಹಾಕಿ, ತೆಗೆದು, ಮತ್ತೆ ಹಾಕಿ, ಕೊನೆಗೆ ಬಾಗಿಲಾಚೆ ನೋಡಲು ಹೇಳಿದ.

ಅಣ್ಣ ನೋಡಿದ. ಬಹಳ ಹೊತ್ತು ನೋಡಿದ.

"ಅಲ್ವೋ, ನನ್ನ ಬಸ್ಸನ್ನ ಅಷ್ಟು ಓರೆಯಾಗಿ ನಿಲ್ಲಿಸಿದ್ದು ಯಾರು? ಒಂದು ಚಕ್ರ ಫುಟ್‌ಪಾತ್ ಮೇಲೇ ಇದೆ."

"ನೀನೇ ಅಣ್ಣ."

ಅಣ್ಣನಿಗೆ ನಗು ತಡೆಯಲಾಗಲಿಲ್ಲ. ಫ್ರೇಮನ್ನು ಮೂಗಿನ ಮೇಲಿಟ್ಟುಕೊಂಡೇ ಹೋಗಿ, ಬಸ್ಸನ್ನು ಸ್ಕೇಲಿಟ್ಟು ಗೆರೆ ಎಳೆದಂತೆ ನಿಲ್ಲಿಸಿ ಬಂದ. ಸಂಜೆಯೊಳಗೆ ಕೊಡಬೇಕಲ್ಲ, ತಮ್ಮ ಆಗಲೇ ಗಾಜು ಉಜ್ಜಲು ಕೂತಿದ್ದ.

"ಫ್ರೇಮು ದೊಡ್ಡದೇ ಹಾಕು," ಎಂದ ಅಣ್ಣ. "ಹಿಂದಿನ ಸೀಟಿನವರಿಗೂ ಕಾಣ್ಲಿ."