ಗುರುದೇವಿ ಓದಿರದ ಪ್ರಬಂಧ

ಶಿವಾಜಿನಗರದ ನಮ್ಮ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಬಿ.ಕಾಂ. ಮಕ್ಕಳಿಗೆ "ಪರೀಕ್ಷೆಗೆಲ್ಲ ಯಾರಾದ್ರೂ ಹೆದರ್ತಾರಾ?" ಎಂದು ಧೈರ್ಯ ಹೇಳುತ್ತಿದ್ದ ಗುರುದೇವಿ, ಆ ಬುಧವಾರ ಬೈಯಪ್ಪನಹಳ್ಳಿಯಲ್ಲಿ ಮೆಟ್ರೊ ಹತ್ತಿದಾಗಿನಿಂದ ಸಹೋದ್ಯೋಗಿಯಾದ ನನ್ನ ಕೈ ಬಿಟ್ಟಿರಲಿಲ್ಲ. ಏನಾದರೂ ತಿಂದೆಯಾ ಎಂದರೆ, "ತಿಂದ್ರೆ ವಾಂತಿ ಆಗುತ್ತೆ ಅಕ್ಕಾ" ಅಂದಳು. ನನಗೆ ರೇಗಿತು. ನಲವತ್ತು ವರ್ಷದ ಹೆಂಗಸು!

ಹೆದರಲು ಕಾರಣವಿತ್ತು, ಅದನ್ನೂ ಹೇಳಬೇಕು. ಅಕೌಂಟಿಂಗ್‌ನಲ್ಲಿ ಪಿಎಚ್‌ಡಿ ಮಾಡುವವರು ಥೀಸಿಸ್ಸಿಗೆ ಕೈ ಹಾಕುವ ಮೊದಲು ಕಾಂಪ್ರಿಹೆನ್ಸಿವ್ ಎಂಬ ಪರೀಕ್ಷೆ ದಾಟಬೇಕು. ಎರಡು ದಿನ ಬರೆಯಬೇಕು, ವಾರ ಬಿಟ್ಟು ಸಮಿತಿಯ ಎದುರು ಕೂತು ಉತ್ತರ ಹೇಳಬೇಕು. ಎರಡು ಸಲ ಫೇಲಾದರೆ ನೋಂದಣಿಯೇ ರದ್ದು. ಇವಳು ಕಳೆದ ವರ್ಷ ಒಮ್ಮೆ ಫೇಲಾಗಿದ್ದಳು; ಈ ಸಲ ಬರೆದಾಗಿತ್ತು, ಆ ಬುಧವಾರ ಸಮಿತಿಯ ಎದುರು ಕೂರುವ ದಿನ. ತರಗತಿಯಲ್ಲಿ ನೋಟ್ಸ್ ಕೊಡುವ ಹಾಗೆ ಅರ್ಥ, ಲಕ್ಷಣ, ಅನುಕೂಲ, ಅನನುಕೂಲ ಎಂದು ಬರೆದು, ಸ್ಕೇಲಿಟ್ಟು ಗೆರೆ ಎಳೆದಿದ್ದಳಂತೆ. "ನಿಮ್ಮ ಯೋಚನೆ ಎಲ್ಲಿ?" ಎಂದು ಕೇಳಿ ಕಳಿಸಿದ್ದರು. ದಾವಣಗೆರೆಯ ಬಳಗಕ್ಕೆಲ್ಲ ಅವಳು ಆಗಲೇ ಡಾಕ್ಟರು. ಫೇಲಾದದ್ದು ಗಂಡ ರವಿಕಿರಣನಿಗೂ ನನಗೂ ಮಾತ್ರ ಗೊತ್ತು.

ಇಂದಿರಾನಗರದ ಆ ಸಂಶೋಧನಾ ಕೇಂದ್ರದಲ್ಲಿ ನಾನು ಕಾರಿಡಾರಿನ ಬೆಂಚಿನ ಮೇಲೆ ಉಳಿದೆ. ಒಳಗೆ ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು.

ಸಮಿತಿಯ ಹಿರಿಯರು ಚಂದ್ರಶೇಖರಯ್ಯ ಎಂಬ ಪ್ರೊಫೆಸರು. ಇವಳ ಉತ್ತರ ಪತ್ರಿಕೆಯ ಒಂದು ಸಾಲಿನ ಮೇಲೆ ಬೆರಳಿಟ್ಟರು. ಬೋನಸ್ ಆಸೆಗೆ ಮ್ಯಾನೇಜರುಗಳು ಯಾವಾಗಲೂ ಲಾಭವನ್ನು ಹಿಗ್ಗಿಸಿ ತೋರಿಸುತ್ತಾರೆ ಎಂದು ಒಂದು ಸಂಶೋಧನಾ ಪ್ರಬಂಧದ ಹೆಸರು ಹೇಳಿ ಬರೆದಿದ್ದಳು.

"ಈ ಪೇಪರ್ ನೀವು ಓದಿದ್ದೀರಾ?"

ಅಲ್ಲಿಯ ಸೀನಿಯರುಗಳು ನೂರಾರು ಪ್ರಬಂಧಗಳನ್ನು ಒಂದೊಂದು ಪುಟಕ್ಕೆ ಇಳಿಸಿಟ್ಟ ಫೈಲೊಂದಿದೆ. ಬ್ಯಾಚಿನಿಂದ ಬ್ಯಾಚಿಗೆ ಅದರ ಜೆರಾಕ್ಸ್ ದಾಟುತ್ತದೆ. ಎಲ್ಲರೂ ಓದುವುದು ಅದನ್ನೇ, ಇವಳೂ ಅದನ್ನೇ ಓದಿದ್ದಳು. ಹೌದು ಎಂದರೆ ಮುಂದಿನ ಪ್ರಶ್ನೆಗೆ ಸಿಕ್ಕಿಬೀಳುವುದು ಖಂಡಿತ. ಇಲ್ಲ ಎಂದರೆ ಇಲ್ಲಿಗೇ ಮುಗಿಯಿತು.

"ಇಲ್ಲ ಸರ್. ನೋಟ್ಸ್ ಓದಿದ್ದೆ."

"ಯಾರ ನೋಟ್ಸು?"

ಆ ನೋಟ್ಸಿನ ಪುಟದ ಮೂಲೆಯಲ್ಲಿ ಬರೆದವಳ ಹೆಸರಿತ್ತು. ಆ ಹೆಸರಿನವಳು, ಈಗ ಡಾಕ್ಟರ್ ಐಶ್ವರ್ಯಾ, ಅದೇ ಸಮಿತಿಯಲ್ಲಿ ಎದುರಿಗೇ ಕೂತು ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದಳು. ಹೆಸರು ಹೇಳಿದರೆ ಅವಳ ಮುನಿಸು, ಹೇಳದಿದ್ದರೆ ತಪ್ಪೆಲ್ಲ ತನ್ನದೇ.

"ಹಳೇ ಬ್ಯಾಚ್‌ನವರದು ಸರ್" ಎಂದಷ್ಟೇ ಹೇಳಿದಳು.

ಚಂದ್ರಶೇಖರಯ್ಯ ಬಿಡಲಿಲ್ಲ. "ಸರಿ, ಈಗ ಯೋಚನೆ ಮಾಡಿ. ಬೋನಸ್‌ಗೆ ಒಂದು ಮಿತಿ ಇದೆ, ಮ್ಯಾನೇಜರ್ ಅದನ್ನ ಮುಟ್ಟಿಬಿಟ್ಟಿದ್ದಾನೆ. ಆಮೇಲೂ ಲಾಭ ಹಿಗ್ಗಿಸ್ತಾನಾ?"

ಬಾಯಿಂದ ಬಂದ ಮಾತು ಕೇಳಿ ಅವಳಿಗೇ ಗಾಬರಿಯಾಯಿತಂತೆ.

"ಇಲ್ಲ ಸರ್, ಬಚ್ಚಿಡ್ತಾನೆ. ನಮ್ ಕಾಲೇಜಲ್ಲಿ ಲೆಕ್ಚರರ್‌ಗಳಿಗೆ ತಿಂಗಳಿಗೆ ಇಷ್ಟು ಮಕ್ಕಳನ್ನ ಸೇರಿಸ್ಬೇಕು ಅಂತ ಅಡ್ಮಿಷನ್ ಟಾರ್ಗೆಟ್ ಇರುತ್ತೆ. ಒಂದು ತಿಂಗಳ ಟಾರ್ಗೆಟ್ ಮುಗಿದ್ಮೇಲೆ ಬಂದ ಫಾರಂನ ಡ್ರಾಯರ್‌ನಲ್ಲಿ ಇಟ್ಕೊಂಡು, ಮುಂದಿನ ತಿಂಗಳು ಕೊಡ್ತೀವಿ. ನಾನೂ ಇಟ್ಕೊಂಡಿದ್ದೀನಿ ಸರ್."

ಯಾರೂ ನಗಲಿಲ್ಲ. ಹೊರಗಿರಿ ಎಂದರು.

ಅರ್ಧ ಗಂಟೆ ನನ್ನ ಪಕ್ಕದಲ್ಲಿ ಕೂತಿದ್ದಳು. "ಎಲ್ಲಾ ಹೋಯ್ತು ಅಕ್ಕಾ, ನನ್ ಕೆಲಸನೂ ಹೋಗುತ್ತೆ" ಅಂದಳು. ಬಾಯಿ ಮುಚ್ಚು ಅಂದೆ. ನನಗೂ ಭಯವಾಗಿತ್ತು, ನನ್ನ ಡ್ರಾಯರಿನಲ್ಲಿ ಮೂರು ಫಾರಂ ಇದ್ದವು.

ಆಮೇಲೆ ಬಾಗಿಲು ತೆರೆದು ಕರೆದರು. ಬಾಗಿಲು ಹಾಕಲಿಲ್ಲ, ಹಾಗಾಗಿ ಇದನ್ನು ನಾನೇ ಕಂಡೆ, ಕೇಳಿದೆ.

"ಪಾಸ್ ಮಾಡಿದ್ದೀವಿ" ಅಂದರು ಚಂದ್ರಶೇಖರಯ್ಯ. "ಆ ಪೇಪರ್‌ನಲ್ಲಿರೋದು ನೀವು ಈಗ ಹೇಳಿದ್ದೇ, ಆ ನೋಟ್ಸ್‌ನಲ್ಲಿರೋದಲ್ಲ. ಆದ್ರೆ ಸೋಮವಾರ ಹತ್ತು ಗಂಟೆಗೆ ಪೂರ್ತಿ ಓದ್ಕೊಂಡು ಬಂದು ನನಗೆ ಒಪ್ಪಿಸ್ಬೇಕು. ಇಬ್ಬರೂ."

ಇಬ್ಬರೆಂದರೆ ಯಾರು ಎಂದು ಗುರುದೇವಿ ಕಣ್ಣೊರೆಸಿಕೊಳ್ಳುತ್ತ ಸುತ್ತ ನೋಡಿದಳು. ಡಾಕ್ಟರ್ ಐಶ್ವರ್ಯಾ ತಲೆ ತಗ್ಗಿಸಿ, ಸೋಮವಾರ, ಹತ್ತು ಗಂಟೆ ಎಂದು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದಳು.